ಮಕ್ಕಳ ಚಿತ್ರಕ್ಕೊಂದು ಬೋರ್ಡ್: ರಟ್ಟಿನಲ್ಲಿ, ಇಲ್ಲವೇ ಹಳೇ ಚಂದ್ರಿಕೆಯಲ್ಲಿ

ಮಕ್ಕಳ ಚಿತ್ರ ಹಾಕಲು ಬೋರ್ಡ್ ಮಾಡಬೇಕು ಅಂದ ಕೂಡಲೇ ಯಾವ ಬಟ್ಟೆ, ಯಾವ ಬಣ್ಣ ಅಂತ ಯೋಚನೆ ಶುರುವಾಗುತ್ತದೆ. ಅದು ಆಮೇಲಿನ ಮಾತು. ಮೊದಲು ತೀರ್ಮಾನ ಆಗಬೇಕಾದ್ದು ಬೇರೆ. ಚಿತ್ರ ಹಾಕುವವರು ಯಾರು, ತೆಗೆಯುವವರು ಯಾರು? ನನ್ನ ಪ್ರಕಾರ ಎರಡೂ ಮಗುವೇ ಮಾಡಬೇಕು. ದೊಡ್ಡವರ ಕೈಗೆ ಮಾತ್ರ ಎಟುಕುವ, ದೊಡ್ಡವರೇ ಪಿನ್ನು ಚುಚ್ಚಿಕೊಡಬೇಕಾದ ಬೋರ್ಡ್‌ನಲ್ಲಿ ಮೊದಲ ವಾರ ಹಾಕಿದ ಚಿತ್ರಗಳೇ ಯುಗಾದಿಯಿಂದ ದೀಪಾವಳಿವರೆಗೆ ಧೂಳು ಹಿಡಿಯುತ್ತಾ ಇರುತ್ತವೆ. ನಮಗೆ ಪುರುಸೊತ್ತು ಇರುವುದಿಲ್ಲ, ಮಗುವಿಗೆ ಕೈ ಎಟುಕುವುದಿಲ್ಲ. ಇಲ್ಲಿ ಹೇಳುವ ಅಳತೆ, ಎತ್ತರ, ಕ್ಲಿಪ್ಪು ಎಲ್ಲವೂ ಈ ಒಂದು ತೀರ್ಮಾನದ ಮೇಲೇ ನಿಂತಿವೆ.

ಎರಡು ದಾರಿ ಹೇಳುತ್ತೇನೆ. ಒಂದು, ಎಲ್ಲರ ಕೈಲೂ ಆಗುವ ರಟ್ಟಿನ ಬೋರ್ಡ್. ಇನ್ನೊಂದು ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆ ಮಾಡುವ ಮನೆಗಳಿಗೆ. ಅಲ್ಲಿ ಹಿತ್ತಲಲ್ಲಿ ಸುಮ್ನೆ ಒರಗಿರುವ ಹಳೇ ಚಂದ್ರಿಕೆಗೆ, ಅಂದರೆ ರೇಷ್ಮೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಹೊಸ ಕೆಲಸ ಕೊಡಬಹುದು.

ಮೊದಲು ಅಳತೆ

3 ಅಡಿಗೆ 2 ಅಡಿ ಸಾಕು ಅಂತ ಅನಿಸುತ್ತದೆ. ಸಾಲದು. ಮಕ್ಕಳು ಬರೆಯುವ ಹಾಳೆ ಹೆಚ್ಚಾಗಿ ಎ4. ಅಂದರೆ 21 ಸೆಂ.ಮೀ. ಅಗಲ, 29.7 ಸೆಂ.ಮೀ. ಉದ್ದ. ಎರಡು ಸಾಲು ನಿಲ್ಲಿಸಿದರೆ 59.4 ಸೆಂ.ಮೀ. ಆಯಿತು. 2 ಅಡಿ ಅಂದರೆ ಸುಮಾರು 61 ಸೆಂ.ಮೀ. ಕ್ಲಿಪ್ಪಿಗೂ ಜಾಗ ಉಳಿಯಲಿಲ್ಲ, ನೋಡಿ.

ಅದಕ್ಕೇ 3 ಅಡಿ ಅಗಲ, ಎರಡೂವರೆ ಅಡಿ ಎತ್ತರ ಇಟ್ಟುಕೊಳ್ಳಿ. ಸಾಲಿಗೆ 3ರಂತೆ 2 ಸಾಲು, ಒಟ್ಟು 6 ಚಿತ್ರ ಆರಾಮಾಗಿ ಕೂರುತ್ತವೆ. ಮಧ್ಯೆ ಉಸಿರಾಡಲು ಜಾಗವೂ ಇರುತ್ತದೆ. ಇದಕ್ಕಿಂತ ದೊಡ್ಡದು ಮಾಡುವ ಆಸೆ ಬರುತ್ತದೆ, ಬೇಡ. 6 ಚಿತ್ರಕ್ಕೆ ಮಾತ್ರ ಜಾಗ ಇದ್ದರೆ ಯಾವುದನ್ನು ಇಳಿಸಬೇಕು ಅಂತ ಮಗು ಯೋಚಿಸುತ್ತದೆ. 20ಕ್ಕೆ ಜಾಗ ಇದ್ದರೆ ಯಾರೂ ಯಾವುದನ್ನೂ ನೋಡುವುದಿಲ್ಲ. ಎ4ರ ಎರಡರಷ್ಟಿರುವ ಎ3 ಹಾಳೆ ಬಂದರೆ ಮೇಲಿನ ಸಾಲಿಗೆ 2 ಹಾಕಿ, ಅದರ ಕೆಳಗಿನ ಜಾಗ ಖಾಲಿ ಬಿಡಿ.

ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಒಂದೇ ಬೋರ್ಡ್ ಹಂಚಬೇಡಿ. ಚಿಕ್ಕದಾದರೂ ಎರಡು ಮಾಡಿ. ಯಾಕೆ ಅಂತ ಇಬ್ಬರು ಮಕ್ಕಳಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ರಟ್ಟು ಎಲ್ಲಿಂದ, ಎಂಥದ್ದು

ಫ್ರಿಜ್, ವಾಷಿಂಗ್ ಮೆಷಿನ್, ದೊಡ್ಡ ಟಿವಿ ಬರುವ ಪೆಟ್ಟಿಗೆಯ ರಟ್ಟು ಬೇಕು. ಚಿಕ್ಕಬಳ್ಳಾಪುರದಲ್ಲಾದರೆ ಬಿ.ಬಿ. ರಸ್ತೆಯ ಕಡೆ ಇಂಥ ಸಾಮಾನು ಮಾರುವ ಅಂಗಡಿಗಳಲ್ಲಿ ಕೇಳಿ, ಇಲ್ಲದಿದ್ದರೆ ಗುಜರಿ ಅಂಗಡಿ. ರಟ್ಟಿನ ಅಂಚನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ. ಒಳಗೆ ಅಲೆ ಅಲೆಯಾಗಿ ಮಡಿಸಿದ ಕಾಗದ ಒಂದೇ ಸಾಲು ಇದ್ದರೆ ಅದು 3 ಪದರದ್ದು. ಎರಡು ಸಾಲು ಅಲೆ ಇದ್ದರೆ 5 ಪದರದ್ದು. ನಮಗೆ ಬೇಕಾದ್ದು 5 ಪದರದ್ದು. 3 ಅಡಿಗೆ ಎರಡೂವರೆ ಅಡಿಯ ತುಂಡು ಮೂರು ಸಿಗಬೇಕು, ಮಧ್ಯೆ ಮಡಿಕೆ ಇರಬಾರದು.

ದ್ರಾಕ್ಷಿ, ದಾಳಿಂಬೆ ಪೆಟ್ಟಿಗೆಗಳು ನಮ್ಮ ಕಡೆ ಬೇಕಾದಷ್ಟು ಸಿಗುತ್ತವೆ ನಿಜ. ಆದರೆ ಅವು ಚಿಕ್ಕವು. ಹಣ್ಣಿನ ರಸ ಇಳಿದಿದ್ದರೆ ಇರುವೆ, ಜಿರಳೆ ಎರಡಕ್ಕೂ ಆಹ್ವಾನ. ಒಮ್ಮೆ ನೆನೆದು ಒಣಗಿದ ರಟ್ಟೂ ಬೇಡ. ಅದರ ಒಳಗಿನ ಅಲೆ ಆಗಲೇ ಕುಸಿದಿರುತ್ತದೆ.

ಥರ್ಮಾಕೋಲ್ ಹಗುರ, ಕತ್ತರಿಸಲು ಸುಲಭ ಅಂತ ಅದನ್ನೇ ಬಳಸುವವರಿದ್ದಾರೆ. ನನಗೆ ಇಷ್ಟವಿಲ್ಲ. ಅಂಚು ಉದುರಿ ಬಿಳಿ ಕಾಳು ಮನೆಯೆಲ್ಲ ಹರಡುತ್ತದೆ, ಮಗು ಒರಗಿದರೆ ಮುರಿಯುತ್ತದೆ. ಬಳಸಲೇಬೇಕು ಅಂದರೆ ಬಿಳಿ ಫೆವಿಕಾಲ್‌ನಿಂದ ಮಾತ್ರ ಅಂಟಿಸಿ. ಚಪ್ಪಲಿ, ರೆಕ್ಸಿನ್ ಅಂಟಿಸುವ ಹಳದಿ ಗಮ್ ತಾಗಿದರೆ ಥರ್ಮಾಕೋಲ್ ಕರಗಿ ಹಳ್ಳ ಬೀಳುತ್ತದೆ.

ಉಳಿದ ಸಾಮಾನು ಇಷ್ಟು: ಅರ್ಧ ಕಿಲೋ ಫೆವಿಕಾಲ್, ತೊಳೆದ ಗೋಣಿ ಬಟ್ಟೆ, ಸೆಣಬಿನ ಹುರಿ, ದರ್ಜಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಒಂದು ಇಂಚಿನ ಕಾಟನ್ ಟೇಪ್, ನಾಲ್ಕು ಐಸ್‌ಕ್ರೀಂ ಕಡ್ಡಿ, ಬೈಂಡ್ ಹಾಕುವ ಕಂದು ಕಾಗದ, ಗೋಣಿ ಹೊಲಿಯುವ ದಬ್ಬಳ, ಕಟ್ಟರ್, ಸ್ಟೀಲ್ ಸ್ಕೇಲು, ಮರದ ಚಿಕ್ಕ ಕ್ಲಿಪ್ಪುಗಳು.

ಕತ್ತರಿಸುವುದು, ಅಂಟಿಸುವುದು

ಇಡೀ ಕೆಲಸದಲ್ಲಿ ಹುಷಾರಾಗಿ ಮಾಡಬೇಕಾದ ಭಾಗ ಇದು. ಮಿಕ್ಕಿದ್ದೆಲ್ಲ ಹೆಚ್ಚು ಕಡಿಮೆಯಾದರೂ ನಡೆಯುತ್ತದೆ.

ರಟ್ಟಿನೊಳಗಿನ ಅಲೆಗಳು ಒಂದು ದಿಕ್ಕಿಗೆ ಓಡುತ್ತವೆ. ಆ ಸಾಲಿನ ಗುಂಟ ರಟ್ಟು ಸುಲಭವಾಗಿ ಬಾಗುತ್ತದೆ, ಅಡ್ಡಕ್ಕೆ ಬಾಗುವುದಿಲ್ಲ. ಹಾಗಾಗಿ ಮೂರು ತುಂಡುಗಳಲ್ಲಿ ಮೇಲಿನದು ಮತ್ತು ಕೆಳಗಿನದರ ಅಲೆ ಉದ್ದಕ್ಕೆ ಬರುವಂತೆ, ನಡುವಿನದರ ಅಲೆ ಅಡ್ಡಕ್ಕೆ ಬರುವಂತೆ ಕತ್ತರಿಸಿ. ಮೂರನ್ನೂ ಅಂಟಿಸಿದಾಗ ಯಾವ ಕಡೆಗೂ ಬಾಗದ, ಸುಮಾರು 2 ಸೆಂ.ಮೀ. ದಪ್ಪದ ಹಲಗೆ ಆಗುತ್ತದೆ. ಮೂರನ್ನೂ ಒಂದೇ ದಿಕ್ಕಿಗೆ ಅಂಟಿಸಿದರೆ ಎಷ್ಟು ಫೆವಿಕಾಲ್ ಸುರಿದರೂ ಬೋರ್ಡ್ ಬೆನ್ನು ಬಾಗಿಸಿಕೊಂಡೇ ನಿಲ್ಲುತ್ತದೆ.

ಕಟ್ಟರ್ ಕೆಲಸ ದೊಡ್ಡವರದ್ದೇ. ಒಂದೇ ಸಲಕ್ಕೆ ಒತ್ತಿ ಕತ್ತರಿಸಲು ಹೋಗಬೇಡಿ. ಸ್ಕೇಲು ಇಟ್ಟು, ಮೆತ್ತಗೆ ಮೂರು ನಾಲ್ಕು ಸಲ ಎಳೆಯಿರಿ. ಬ್ಲೇಡ್ ಮೊಂಡಾದರೆ ತುದಿ ಮುರಿದು ಹೊಸದು ಮಾಡಿಕೊಳ್ಳಿ. ಮೊಂಡು ಬ್ಲೇಡಿಗೇ ಜಾಸ್ತಿ ಒತ್ತಬೇಕಾಗುತ್ತದೆ, ಅದು ಜಾರಿದಾಗಲೇ ಬೆರಳು ಕೊಯ್ಯುವುದು.

ಅಂಟಿಸುವ ಮೊದಲು ಕಾಟನ್ ಟೇಪ್ ಸಿದ್ಧ ಮಾಡಿಕೊಳ್ಳಿ. ಬೋರ್ಡ್ ಎತ್ತರಕ್ಕಿಂತ ಒಂದಡಿ ಉದ್ದವಾದ ಎರಡು ತುಂಡು ಸಾಕು. ಹಿಂದಿನ ರಟ್ಟು ಮತ್ತು ನಡುವಿನ ರಟ್ಟಿನ ಮಧ್ಯೆ, ಎಡಕ್ಕೊಂದು ಬಲಕ್ಕೊಂದು, ಮೇಲಿಂದ ಕೆಳಗಿನವರೆಗೆ ಹಾಯಿಸಿ. ಮೇಲೆ ಉಳಿದ ತುದಿಯನ್ನು ಕುಣಿಕೆಯಾಗಿ ಮಡಿಸಿ ಮತ್ತೆ ಒಳಗೇ ಸೇರಿಸಿ ಅಂಟಿಸಿ. ಗೋಡೆಗೆ ನೇತುಹಾಕುವುದು ಈ ಕುಣಿಕೆಯಿಂದ. ಭಾರ ಇಡೀ ಪಟ್ಟಿಯ ಮೇಲೆ ಹಂಚಿಹೋಗುತ್ತದೆ. ಸುಮ್ನೆ ಹಿಂಬದಿಗೆ ಕೊಂಡಿ ಅಂಟಿಸಿದರೆ ಮಗು ಒಂದು ಸಲ ಜಗ್ಗಿದರೂ ಕಾಗದ ಸಮೇತ ಕಿತ್ತು ಬರುತ್ತದೆ.

ಫೆವಿಕಾಲ್‌ಗೆ ಚೂರೇ ಚೂರು ನೀರು ಬೆರೆಸಿ, ಹಳೇ ಟೂತ್ ಬ್ರಷ್‌ನಲ್ಲೋ ರಟ್ಟಿನ ತುಂಡಿನಲ್ಲೋ ತೆಳ್ಳಗೆ ಹರಡಿ. ಅಂಚುಗಳಿಗೆ ತಪ್ಪದೇ ಹಚ್ಚಿ. ನೀರು ಜಾಸ್ತಿಯಾದರೆ ರಟ್ಟು ಉಬ್ಬುತ್ತದೆ. ಜೋಡಿಸಿದ ಮೇಲೆ ಸಮತಟ್ಟಾದ ನೆಲದಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ ಮಲಗಿಸಿ, ಮೇಲೆ ಇನ್ನೊಂದು ಹಾಳೆ ಹೊದಿಸಿ, ಭಾರ ಇಡಿ. ಅಕ್ಕಿ ಮೂಟೆ, ರಾಗಿ ಮೂಟೆ ಯಾವುದಾದರೂ ಆದೀತು, ಆದರೆ ಅಗಲಕ್ಕೆ ಹರಡಿರಬೇಕು. ಇಡೀ ಒಂದು ದಿನ ಮುಟ್ಟಬೇಡಿ. ಬೇಗ ಒಣಗಲಿ ಅಂತ ಬಿಸಿಲಿಗೆ ಇಟ್ಟರೆ ಒಂದು ಮುಖ ಮೊದಲು ಒಣಗಿ ಬೋರ್ಡ್ ಸೊಟ್ಟಗಾಗುತ್ತದೆ.

ಮೈದಾ ಗೋಂದಿನಲ್ಲಿ ಮಾಡಬಹುದಾ ಅಂತ ಅಜ್ಜಿಯಂದಿರು ಕೇಳುತ್ತಾರೆ. ಅಂಟುತ್ತದೇನೋ ನಿಜ, ಜಿರಳೆ ಬಿಡುವುದಿಲ್ಲ. ಹುಳ ಬರದಿರಲಿ ಅಂತ ಮೈಲುತುತ್ತ ಬೆರೆಸುವ ಪದ್ಧತಿಯೂ ಇದೆ. ಅದು ವಿಷ. ಮಕ್ಕಳ ಕೈ, ಬಾಯಿ ತಾಗುವ ವಸ್ತುವಿಗೆ ಬೇಡವೇ ಬೇಡ.

ಬಟ್ಟೆ ಹೊದಿಸುವುದು

ಗೋಣಿ ಬಟ್ಟೆ ನನ್ನ ಆಯ್ಕೆ. ರಾಗಿ ಚೀಲ ಬಿಚ್ಚಿ, ಸೋಪಿನ ನೀರಿನಲ್ಲಿ ನೆನೆಸಿ ಒಗೆದು, ಸ್ವಲ್ಪ ತೇವ ಇರುವಾಗಲೇ ಇಸ್ತ್ರಿ ಮಾಡಿದರೆ ಮಟ್ಟಸವಾಗುತ್ತದೆ. ಗೋಣಿಯ ಮಣ್ಣು ಬಣ್ಣದ ಮೇಲೆ ಯಾವ ಚಿತ್ರವಾದರೂ ಎದ್ದು ಕಾಣುತ್ತದೆ. ಹೂವಿನ ಪ್ರಿಂಟಿನ ಬಟ್ಟೆ, ಕೆಂಪು ಸ್ಯಾಟಿನ್ ಅಂಗಡಿಯಲ್ಲಿ ಚೆಂದ ಕಾಣುತ್ತವೆ. ಬೋರ್ಡಿಗೆ ಹಾಕಿದರೆ ಮಗುವಿನ ಚಿತ್ರವನ್ನೇ ನುಂಗಿಬಿಡುತ್ತವೆ. ಗೋಣಿಯ ಧೂಳಿಗೆ ಕೆಮ್ಮು, ಸೀನು ಬರುವ ಮಕ್ಕಳಿದ್ದರೆ ಬಿಳಿ ಪಂಚೆ ಅಥವಾ ತಿಳಿ ಬಣ್ಣದ ಹತ್ತಿ ಸೀರೆ ಸಾಕು.

ನಾಲ್ಕೂ ಕಡೆ 3 ಇಂಚು ಹೆಚ್ಚು ಬಿಟ್ಟು ಕತ್ತರಿಸಿ. ಬಟ್ಟೆಯ ಮೇಲೆ ಬೋರ್ಡನ್ನು ಬೋರಲು ಹಾಕಿ, ಪುಸ್ತಕಕ್ಕೆ ಬೈಂಡ್ ಹಾಕುವ ಹಾಗೆ ಅಂಚುಗಳನ್ನು ಹಿಂದಕ್ಕೆ ಮಡಚಿ. ಗೋಂದು ಹಿಂಬದಿಗೆ ಮಾತ್ರ. ಮುಂಬದಿಗೆ ಹಚ್ಚಿದರೆ ಗೋಣಿಯ ಎಳೆಗಳ ಮಧ್ಯೆ ಬಿಳಿ ಕಲೆ ಮೂಡುತ್ತದೆ. ಒಂದು ಮೂಲೆಯಿಂದ ಶುರು ಮಾಡಬೇಡಿ. ನಾಲ್ಕೂ ಅಂಚಿನ ನಡುಭಾಗವನ್ನು ಎಳೆದು ಅಂಟಿಸಿ, ಅಲ್ಲಿಂದ ಮೂಲೆಗಳ ಕಡೆ ಹೋಗಿ. ಆಗ ಸುಕ್ಕು ಹೊರಗೆ ತಳ್ಳಿಕೊಂಡು ಹೋಗುತ್ತದೆ. ಮೂಲೆಯಲ್ಲಿ ಜಾಸ್ತಿಯಾದ ಬಟ್ಟೆಯನ್ನು ಓರೆಯಾಗಿ ಕತ್ತರಿಸಿ ಮಡಚಿ.

ದಾರ ಮತ್ತು ಕ್ಲಿಪ್ಪು

ಬೋರ್ಡ್ ಅಂದರೆ ಪಿನ್ನು ಅಂತ ನಮ್ಮ ತಲೆಯಲ್ಲಿ ಕೂತಿದೆ. 3-4 ವರ್ಷದ ಮಗು ಇರುವ ಮನೆಗೆ ಪಿನ್ನು ಸರಿಯಲ್ಲ. ಬಾಯಿಗೆ ಹೋಗುತ್ತದೆ, ನೆಲಕ್ಕೆ ಬಿದ್ದು ಕಾಲಿಗೂ ಚುಚ್ಚುತ್ತದೆ. ತಗಡಿನ ಬೋರ್ಡ್, ಮ್ಯಾಗ್ನೆಟ್ ಅಂತಲೂ ಕೇಳುತ್ತಾರೆ. ಚಿಕ್ಕ, ಬಲವಾದ ಮ್ಯಾಗ್ನೆಟ್ ಇನ್ನೂ ಅಪಾಯ. ಎರಡು ನುಂಗಿದರೆ ಹೊಟ್ಟೆಯೊಳಗೆ ಕರುಳಿನ ಗೋಡೆಗಳನ್ನು ಸೇರಿಸಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ತಕ್ಷಣ ಆಸ್ಪತ್ರೆಗೆ ಓಡಬೇಕಾದ ವಿಷಯ ಅದು.

ಅದಕ್ಕೇ ದಾರ, ಕ್ಲಿಪ್ಪು. ಮೇಲಿನ ಅಂಚಿನಿಂದ 2 ಇಂಚು ಕೆಳಗೆ ಒಂದು ದಾರ, ಅದೇ ಅಂಚಿನಿಂದ 16 ಇಂಚು ಕೆಳಗೆ ಇನ್ನೊಂದು. ಎರಡೂ ಪಕ್ಕದಲ್ಲಿ ಅಂಚಿನಿಂದ ಒಂದೂವರೆ ಇಂಚು ಒಳಗೆ ದಬ್ಬಳದಿಂದ ತೂತು ಮಾಡಿ. ಹುರಿಯನ್ನು ಮುಂದಿನಿಂದ ಹಿಂದಕ್ಕೆ ತೂರಿಸಿ, ಹಿಂದೆ ಐಸ್‌ಕ್ರೀಂ ಕಡ್ಡಿಗೆ ಸುತ್ತಿ ಗಂಟು ಹಾಕಿ. ಬರೀ ಗಂಟಾದರೆ ರಟ್ಟಿನೊಳಕ್ಕೆ ಜಾರಿ ಬರುತ್ತದೆ, ಕಡ್ಡಿ ಅದನ್ನು ತಡೆಯುತ್ತದೆ. 3 ಅಡಿ ಉದ್ದದ ದಾರ ಚಿತ್ರದ ಭಾರಕ್ಕೆ ನಡುವೆ ಜೋತುಬೀಳುತ್ತದೆ. ನಡುಮಧ್ಯದಲ್ಲಿ ಒಂದು ಹೊಲಿಗೆ ಹಾಕಿ ಹಿಡಿದಿಡಿ.

ಕ್ಲಿಪ್ಪನ್ನು ಕೊಳ್ಳುವಾಗ ಮಗುವನ್ನೂ ಕರೆದುಕೊಂಡು ಹೋಗಿ, ಅಂಗಡಿಯಲ್ಲೇ ಒತ್ತಿಸಿ ನೋಡಿ. ಬಟ್ಟೆ ಒಣಹಾಕುವ ದೊಡ್ಡ ಪ್ಲಾಸ್ಟಿಕ್ ಕ್ಲಿಪ್ಪಿನ ಸ್ಪ್ರಿಂಗ್ ಚಿಕ್ಕ ಬೆರಳಿಗೆ ಬಗ್ಗುವುದಿಲ್ಲ. ಆಫೀಸಿನ ಕಪ್ಪು ಬೈಂಡರ್ ಕ್ಲಿಪ್ಪು ಬೆರಳು ಕಚ್ಚುತ್ತದೆ. ಸ್ಟೇಷನರಿ ಅಂಗಡಿಯ ಮರದ ಕ್ಲಿಪ್ಪು ಸರಿಹೋಗುತ್ತದೆ. ತೀರಾ ಪುಟಾಣಿ ಸೈಜಿನದು ಮಾತ್ರ ಬೇಡ, ಅದೂ ಬಾಯಿಗೆ ಹೋಗುವ ವಸ್ತುವೇ.

ದಾರ ಕಟ್ಟಿದ ಮೇಲೆ ಹಿಂಬದಿಗೆಲ್ಲ ಕಂದು ಕಾಗದ ಅಂಟಿಸಿ. ಇದು ಚೆಂದಕ್ಕಲ್ಲ. ಮುಂದೆ ಬಟ್ಟೆ ಬಿಗಿದು ಎಳೆಯುತ್ತಿರುತ್ತದೆ. ಹಿಂದೆ ಕಾಗದ ಒಣಗುತ್ತಾ ಅಷ್ಟೇ ಎಳೆದು ಬೋರ್ಡನ್ನು ನೇರ ಇಡುತ್ತದೆ. ನಾಲ್ಕು ಮೂಲೆಗೂ ಒಂದೊಂದು ಬಾಟಲಿ ಮುಚ್ಚಳ ಅಂಟಿಸಿಬಿಡಿ. ಬೋರ್ಡ್ ಮತ್ತು ಗೋಡೆಯ ಮಧ್ಯೆ ಗಾಳಿ ಆಡುತ್ತದೆ, ಗೆದ್ದಲು ಬಂದರೂ ಬೇಗ ಕಣ್ಣಿಗೆ ಬೀಳುತ್ತದೆ. ಕೆಮ್ಮಣ್ಣಿನ ನಮ್ಮ ಸೀಮೆಯಲ್ಲಿ ರಟ್ಟು ಕಂಡರೆ ಗೆದ್ದಲು ಸುಮ್ಮನಿರುವುದಿಲ್ಲ.

ಚಂದ್ರಿಕೆ ಇರುವ ಮನೆಯವರಿಗೆ

ಚಂದ್ರಿಕೆ ಗೊತ್ತಿಲ್ಲದವರಿಗೆ ಎರಡು ಮಾತು. ಹಣ್ಣಾದ, ಅಂದರೆ ಮೇಯುವುದು ಮುಗಿಸಿದ ರೇಷ್ಮೆ ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ ಇದು. ಸಾಮಾನ್ಯವಾಗಿ 6 ಅಡಿಗೆ 4 ಅಡಿ ಇರುತ್ತದೆ. ಚಾಪೆಯಂಥ ತಳದ ಮೇಲೆ ಎರಡು ಇಂಚಿನಷ್ಟು ಎತ್ತರದ ಬಿದಿರಿನ ಹೆಣಿಗೆ ಪಟ್ಟಿಯನ್ನು ಸುರುಳಿ ಸುತ್ತಿ ಕಟ್ಟಿರುತ್ತಾರೆ. ಈಗ ಅದೇ ಕೆಲಸಕ್ಕೆ ಪ್ಲಾಸ್ಟಿಕ್ ನೇತ್ರಿಕೆ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಹಳೆಯವು ಮೂಲೆ ಸೇರಿವೆ. ಮಕ್ಕಳ ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ಚೌಕಟ್ಟು ದುಡ್ಡು ಕೊಟ್ಟರೂ ಸಿಗುವುದಿಲ್ಲ ಅಂತ ನನಗನಿಸುತ್ತದೆ.

ಮೊದಲು ಆರಿಸುವುದು. ತಟ್ಟಿಯನ್ನು ನೆಲಕ್ಕೆ ಕುಟ್ಟಿ ನೋಡಿ. ಹಿಟ್ಟಿನಂಥ ಸಣ್ಣ ಪುಡಿ ಉದುರಿದರೆ ಕುಟ್ಟೆ ಹುಳ ಹಿಡಿದಿದೆ ಅಂತ ಅರ್ಥ. ಅದನ್ನು ಒಲೆಗೆ ಹಾಕಿ, ಮನೆಯೊಳಕ್ಕೆ ತರಬೇಡಿ. ಇನ್ನೊಬ್ಬರ ಮನೆಯಿಂದ ತರುವುದಾದರೆ ಅವರ ಬೆಳೆ ಮುಗಿದ ಮೇಲೆ ಹೋಗಿ ಕೇಳಿ. ಹುಳು ಮೇಯುವಾಗ ಹೊರಗಿನವರು ಹುಳು ಮನೆಗೆ ಹೋಗುವುದು ಯಾರಿಗೂ ಇಷ್ಟವಾಗುವುದಿಲ್ಲ. ರೋಗ ಹರಡುತ್ತದೆ ಅನ್ನುವ ಭಯ ಸುಳ್ಳಲ್ಲ. ಒಮ್ಮೆ ಬೋರ್ಡ್ ಆದ ಚಂದ್ರಿಕೆಯನ್ನು ಮತ್ತೆ ಹುಳುವಿಗೆ ಬಳಸಲೂ ಬಾರದು.

ಸುರುಳಿಯ ಸಂದಿಯಲ್ಲಿ ಹಳೇ ರೇಷ್ಮೆ ಎಳೆ ಅಂಟಿಕೊಂಡಿರುತ್ತದೆ. ರೈತರು ಅದನ್ನು ಬೆಂಕಿ ಜ್ವಾಲೆಯಲ್ಲಿ ಸುಟ್ಟು ತೆಗೆಯುತ್ತಾರೆ. ಅಭ್ಯಾಸ ಇಲ್ಲದವರು ಅದಕ್ಕೆ ಕೈ ಹಾಕಬೇಡಿ. ಸೋಪಿನ ನೀರು, ಗಟ್ಟಿ ಬ್ರಷ್ ಸಾಕು. ಸೋಂಕು ನಿವಾರಣೆಗೆ ಹೊಡೆದ ಔಷಧಿಯ ಅಂಶವೂ ತಟ್ಟಿಯಲ್ಲಿ ಉಳಿದಿರಬಹುದು. ಅದಕ್ಕೇ ಎರಡು ಸಲ ಚೆನ್ನಾಗಿ ತೊಳೆದು, ಎರಡು ಮೂರು ದಿನ ಗರಿಗರಿ ಬಿಸಿಲು ಕಾಯಿಸಿ.

6 ಅಡಿ ಮನೆಯೊಳಗೆ ಜಾಸ್ತಿಯಾಯಿತು. ಅರ್ಧ ಮಾಡಿದರೆ 3 ಅಡಿಗೆ 4 ಅಡಿ ಆಗುತ್ತದೆ. ಆದರೆ ನೀವೇ ಗರಗಸ ಹಿಡಿಯಬೇಡಿ. ಕತ್ತರಿಸಿದ ಕಡೆ ಸುರುಳಿ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಬುಟ್ಟಿ, ಮೊರ ಹೆಣೆಯುವ ಮೇದಾರರ ಹತ್ತಿರ ಒಯ್ದು, ಕತ್ತರಿಸಿ ಅಂಚು ಕಟ್ಟಿಕೊಡಿ ಅಂತ ಕೇಳಿ. ಆಮೇಲೆ ಸ್ಯಾಂಡ್ ಪೇಪರ್ ಕೆಲಸ. ಮಗುವಿನ ಕೈ ಎಲ್ಲೆಲ್ಲಿ ಆಡುತ್ತದೋ ಅಲ್ಲೆಲ್ಲ ಉಜ್ಜಿ, ಹಳೇ ನೈಲಾನ್ ಸೀರೆಯ ತುಂಡನ್ನು ಸವರಿ ನೋಡಿ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಸಿಬಿರು ಉಳಿದಿದೆ.

ವಾರ್ನಿಷ್ ಬೇಕೇ ಬೇಕು ಅಂತೇನಿಲ್ಲ. ಹೊಡೆಯುವುದಾದರೆ ಹುಳು ಮನೆಯಿಂದ ದೂರ, ಹುಳು ಇಲ್ಲದ ದಿನಗಳಲ್ಲಿ ಹೊಡೆಯಿರಿ. ಬಣ್ಣ, ಸೊಳ್ಳೆ ಬತ್ತಿ, ಕೀಟನಾಶಕದ ಗಾಳಿ ರೇಷ್ಮೆ ಹುಳುವಿಗೆ ಆಗಿಬರುವುದಿಲ್ಲ. ಮಗುವಿನ ಬೋರ್ಡಿಗೋಸ್ಕರ ಒಂದು ಬೆಳೆ ಕಳೆದುಕೊಳ್ಳಬಾರದಲ್ವಾ.

ಚಂದ್ರಿಕೆಗೆ ದಾರ ಬೇಡ. ಸುರುಳಿ ಪಟ್ಟಿಯ ಅಂಚಿಗೇ ಕ್ಲಿಪ್ಪು ಹಿಡಿಯುತ್ತದೆ, ಎಲ್ಲಿ ಬೇಕಾದರೂ. ಸುರುಳಿಯ ಸಂದಿಗಳಲ್ಲಿ ಕಾಗದದ ಹೂವು, ಗಾಳಿಪಟ, ಐಸ್‌ಕ್ರೀಂ ಕಡ್ಡಿಯ ಬೊಂಬೆ ಸಿಕ್ಕಿಸಬಹುದು. ರಟ್ಟಿನ ಬೋರ್ಡ್‌ನಲ್ಲಿ ಇದು ಆಗದು.

ಎಲ್ಲಿ, ಎಷ್ಟು ಎತ್ತರದಲ್ಲಿ

1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿದ ನಲಿ-ಕಲಿ ತರಗತಿಗಳನ್ನು ನೋಡಿದ್ದರೆ ನಿಮಗೆ ಎರಡು ವಿಷಯ ನೆನಪಿರುತ್ತದೆ. ತಲೆಯ ಮೇಲೆ ಹುರಿ ಕಟ್ಟಿ ಮಕ್ಕಳ ಕೆಲಸ ನೇತುಹಾಕುವ ಚಪ್ಪರ ಒಂದು. ಮಕ್ಕಳೇ ಬರೆಯಲಿ ಅಂತ ಗೋಡೆಯ ಕೆಳಭಾಗದಲ್ಲಿ ಮಾಡಿದ ಕಪ್ಪು ಹಲಗೆ ಇನ್ನೊಂದು. ಚಪ್ಪರ ನೋಡಲು ಹಬ್ಬದಂತಿದ್ದರೂ ಅದನ್ನು ಕಟ್ಟುವವರು, ಬದಲಿಸುವವರು ಟೀಚರ್. ಕೆಳಗಿನ ಹಲಗೆ ಮಕ್ಕಳದ್ದು. ಮನೆಯ ಬೋರ್ಡಿಗೆ ಕೆಳಗಿನ ಹಲಗೆಯ ಎತ್ತರವೇ ಸರಿ.

ಮಗುವನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಕೈ ಮೇಲೆತ್ತಲು ಹೇಳಿ. ಬೆರಳ ತುದಿಗಿಂತ ಸ್ವಲ್ಪ ಕೆಳಗೆ ಮೇಲಿನ ದಾರ ಬರಲಿ. ಅಷ್ಟೇ ಅಳತೆ. ನಮಗೆ ತೀರಾ ಕೆಳಗಾಯಿತು ಅನಿಸಿದರೆ ಎತ್ತರ ಸರಿಯಾಗಿದೆ ಅಂತಲೇ ಲೆಕ್ಕ. ಮಗು ಬೆಳೆದ ಹಾಗೆ ಮೇಲಕ್ಕೇರಿಸಿ.

ನೇರ ಬಿಸಿಲು ಬೀಳುವ ಗೋಡೆ ಬೇಡ, ಸ್ಕೆಚ್ ಪೆನ್ನಿನ ಬಣ್ಣ ಬೇಗ ಮಾಸುತ್ತದೆ. ಬಚ್ಚಲಿನ ಹಿಂದಿನ ಗೋಡೆಯೂ ಬೇಡ, ತೇವ ಎಳೆಯುತ್ತದೆ.

ಇಟ್ಟಿಗೆ ಗೋಡೆಯಾದರೆ 6 ಎಂ.ಎಂ. ಡ್ರಿಲ್, ಅದೇ ಅಳತೆಯ ಪ್ಲಾಸ್ಟಿಕ್ ಪ್ಲಗ್, ಸ್ಕ್ರೂ. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಕೊರೆಯಬೇಡಿ. ಗೋಡೆಯೊಳಗಿನ ವೈರು ಸಾಮಾನ್ಯವಾಗಿ ಅದೇ ಗೆರೆಯಲ್ಲಿ ಹೋಗಿರುತ್ತದೆ. ಹಳೇ ಮಣ್ಣಿನ ಗೋಡೆಗೆ ಸ್ಕ್ರೂ ನಿಲ್ಲುವುದಿಲ್ಲ. ಕಲ್ಲು ಚಪ್ಪಡಿ ಗೋಡೆಗೆ ಮೊಳೆ ಇಳಿಯುವುದೇ ಇಲ್ಲ. ಅಂಥ ಮನೆಗಳಲ್ಲಿ ತೊಲೆಯಿಂದಲೋ, ಮೊದಲೇ ಇರುವ ಗೂಟದಿಂದಲೋ ಹಗ್ಗ ಇಳಿಬಿಡಿ. ಬಾಡಿಗೆ ಮನೆಯವರ ಕಥೆ ಗೊತ್ತೇ ಇದೆ. “ಒಂದು ಮೊಳೆ ಹೊಡೀಬೇಡಿ ಕಣಮ್ಮಾ” ಅಂತ ಓನರ್ ಆಂಟಿ ಮೊದಲ ದಿನವೇ ಹೇಳಿರುತ್ತಾರೆ. ಅವರು ಕಿಟಕಿ ಸರಳಿಗೆ ಕಟ್ಟಬಹುದು, ಇಲ್ಲವೇ ಗಟ್ಟಿಯಾದ ಬೆಂಚಿನ ಮೇಲೆ ಗೋಡೆಗೆ ಒರಗಿಸಬಹುದು. ನೇತುಹಾಕಿದರೂ, ಒರಗಿಸಿದರೂ ಕೆಳಗಿನ ಎರಡು ಮೂಲೆ ಅಲ್ಲಾಡದಂತೆ ಕಟ್ಟಿ. ಮಕ್ಕಳು ಜಗ್ಗೇ ಜಗ್ಗುತ್ತಾರೆ.

ಹಾಕುವುದು, ಇಳಿಸುವುದು

ನಿಯಮ ಒಂದೇ ಸಾಕು: ಹೊಸದೊಂದು ಹತ್ತಬೇಕಾದರೆ ಹಳೆಯದೊಂದು ಇಳಿಯಬೇಕು. ಯಾವುದು ಅಂತ ಮಗು ಹೇಳಲಿ. ನಮ್ಮ ಕಣ್ಣಿಗೆ ಚೆನ್ನಾಗಿರುವ ನಂದಿ ಬೆಟ್ಟದ ಚಿತ್ರ ಇಳಿಸಿ, ಕಪ್ಪು ಗೀಚು ಮಾತ್ರ ಇರುವ ಹಾಳೆ ಹತ್ತಿಸಿದರೆ ಬಾಯಿ ಬಿಡಬೇಡಿ. ಆ ಗೀಚಿನ ಕಥೆ ಕೇಳಿ, ಹಿಂಬದಿಯಲ್ಲಿ ತಾರೀಖಿನ ಜೊತೆ ಮಗು ಹೇಳಿದ ಮಾತನ್ನೇ ಬರೆದಿಡಿ. ಚಿತ್ರದ ಮುಖದ ಮೇಲೆ ಏನೂ ಬರೆಯಬೇಡಿ.

ಇಳಿಸಿದ ಚಿತ್ರಗಳನ್ನು ಸುರುಳಿ ಸುತ್ತದೆ ಚಪ್ಪಟೆಯಾಗಿ ಫೈಲಿನಲ್ಲಿಡಿ. ಕ್ರೆಯಾನ್, ಆಯಿಲ್ ಪೇಸ್ಟಲ್ ಚಿತ್ರಗಳ ಮಧ್ಯೆ ಬಟರ್ ಪೇಪರ್ ಇಡದಿದ್ದರೆ ಬಣ್ಣ ಪಕ್ಕದ ಹಾಳೆಗೆ ಹತ್ತುತ್ತದೆ. ಹರಿದಿದ್ದನ್ನು ಸೆಲೋಟೇಪ್‌ನಲ್ಲಿ ಅಂಟಿಸಿದರೆ ಕೆಲವು ವರ್ಷಕ್ಕೆ ಹಳದಿಯಾಗುತ್ತದೆ. ಹಿಂದಿನಿಂದ ತೆಳು ಕಾಗದವನ್ನು ಫೆವಿಕಾಲ್‌ನಲ್ಲಿ ಅಂಟಿಸುವುದು ಮೇಲು. ಎಲ್ಲವನ್ನೂ ಇಟ್ಟುಕೊಳ್ಳಲು ಆಗುವುದಿಲ್ಲ. ಫೋನಿನಲ್ಲಿ ಫೋಟೋ ತೆಗೆದು, ಮಗುವಿಗೆ ಹೇಳಿಯೇ ಕೆಲವನ್ನು ಬಿಟ್ಟುಕೊಡಿ. ಹೇಳದೆ ಗುಜರಿಗೆ ಹಾಕಿದರೆ ಒಂದಲ್ಲ ಒಂದು ದಿನ ಸಿಕ್ಕಿಬೀಳುತ್ತೀರಿ.

ರಾಗಿ, ಹೆಸರುಕಾಳು, ಅವರೆಕಾಳು ಅಂಟಿಸಿ ಮಾಡಿದ ಚಿತ್ರಗಳ ಮೇಲೆ ಒಂದು ಕಣ್ಣಿರಲಿ. ಕಾಳು ಅಂಟಿಸುವ ಮೊದಲು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ. ಬೋರ್ಡ್‌ನಲ್ಲಿ ಎರಡು ವಾರ ಇಟ್ಟರೆ ಸಾಕು, ಫೈಲಿಗೆ ಸೇರಿಸಬೇಡಿ. ಕಾಳಿಗೆ ಬಿದ್ದ ಹುಳ ಅಲ್ಲಿಂದ ಅಡುಗೆ ಮನೆಯ ಡಬ್ಬಗಳಿಗೆ ಹೋಗುತ್ತದೆ. ಇಂಥ ಚಿತ್ರ ಭಾರವೂ ಹೌದು, ಎರಡು ಕ್ಲಿಪ್ಪು ಹಾಕಿ.

ತಿಂಗಳಿಗೊಮ್ಮೆ ಬೋರ್ಡ್ ಇಳಿಸಿ ಹಿಂಬದಿ ನೋಡಿ, ಧೂಳು ಕೊಡವಿ, ಜೋತ ದಾರವನ್ನು ಐಸ್‌ಕ್ರೀಂ ಕಡ್ಡಿಗೆ ಇನ್ನೊಂದು ಸುತ್ತು ಸುತ್ತಿ ಬಿಗಿ ಮಾಡಿ. ಹಾಗೆ ಮಾಡಲು ಕಡ್ಡಿ ಇರುವ ನಾಲ್ಕು ಜಾಗದಲ್ಲಿ ಕಂದು ಕಾಗದವನ್ನು ಅಂಟಿಸುವಾಗಲೇ ಚಿಕ್ಕ ಚೌಕವಾಗಿ ಕತ್ತರಿಸಿ ಬಿಟ್ಟಿರಬೇಕು.